ಆ ಮೂಲೆಯಲ್ಲಿ ಬೆಕ್ಕಿರಲಿಲ್ಲ

ರಾತ್ರಿ ಎರಡೂವರೆ ಗಂಟೆಗೆ ಯಾರಾದರೂ ನಿಮ್ಮ ಕಿವಿಯಲ್ಲಿ ‘ಕಿಟಿ ಕಾರ್ನರ್’ ಅಂದರೆ ನಿಮಗೇನು ಹೊಳೆಯುತ್ತದೆ? ನನಗೆ ಹೊಳೆದದ್ದು ಬೆಕ್ಕಿನ ಮರಿ. ಎಲ್ಲೂ ಇಲ್ಲದ ಆ ಬೆಕ್ಕಿನ ಮರಿ ನನ್ನ ಮೊದಲ ಕೆಲಸವನ್ನು ಇನ್ನೇನು ಕಚ್ಚಿಕೊಂಡು ಹೋಗುವುದರಲ್ಲಿತ್ತು.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿ, ಒಂದು ವರ್ಷ ಅಪ್ಪನ ಜೊತೆ ತೋಟದಲ್ಲಿ ತೆಂಗಿನಕಾಯಿ ಎಣಿಸಿ, ಆಮೇಲೆ ಬೆಂಗಳೂರಿನ ಬಸ್ಸು ಹತ್ತಿದೆ. ಒಂಬತ್ತು ಇಂಟರ್‌ವ್ಯೂಗಳಲ್ಲಿ ‘ವಿ ವಿಲ್ ಗೆಟ್ ಬ್ಯಾಕ್ ಟು ಯು’ ಕೇಳಿಸಿಕೊಂಡೆ. ಹತ್ತನೆಯದರಲ್ಲಿ ಕಾಲ್ ಸೆಂಟರ್ ಕೆಲಸ ಸಿಕ್ಕಿತು. ಅಮೆರಿಕದಲ್ಲಿ ಪಾರ್ಸೆಲ್ ತಲುಪದವರು, ತಪ್ಪಿ ತಲುಪಿದವರು, ಒಡೆದು ತಲುಪಿದವರು ಎಲ್ಲರೂ ನಮಗೆ ಫೋನ್ ಮಾಡುತ್ತಾರೆ. ತಿಂಗಳಿಗೆ ಹದಿನೆಂಟು ಸಾವಿರ ಸಂಬಳ, ಆರು ತಿಂಗಳು ಪ್ರೊಬೇಷನ್. ಅಪ್ಪ ಸೊಸೈಟಿ ಸಾಲದ ಕಂತನ್ನು ಆಗಲೇ ನನ್ನ ಸಂಬಳದ ಮೇಲೆ ಲೆಕ್ಕ ಹಾಕಿಟ್ಟಿದ್ದರು.

ಆರು ವಾರ ತರಬೇತಿ ಕೊಟ್ಟರು. ‘ವಿ’ ಮತ್ತು ‘ಡಬ್ಲ್ಯೂ’ ಬೇರೆ ಬೇರೆ ಉಚ್ಚರಿಸುವುದು, ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡುವುದು, ಐವತ್ತು ರಾಜ್ಯಗಳ ಎರಡಕ್ಷರದ ಹೆಸರು, ಅಲ್ಲಿನ ಚಳಿ, ಹಿಮ, ಹಬ್ಬ ಎಲ್ಲ ಹೇಳಿಕೊಟ್ಟರು. ಬ್ಲಾಕ್ ಅಂದರೇನು ಅಂತ ಮಾತ್ರ ಹೇಳಲಿಲ್ಲ. ಒಬ್ಬರು ‘ಟು ಬ್ಲಾಕ್ಸ್ ಡೌನ್’ ಅಂದಾಗ ನಾನು ಜಯನಗರ ನಾಲ್ಕನೇ ಬ್ಲಾಕಿನಿಂದ ಎರಡನೇ ಬ್ಲಾಕಿಗೆ ಆಟೊದಲ್ಲಿ ಹೋಗುವಷ್ಟು ದೂರ ಅಂದುಕೊಂಡಿದ್ದೆ. ಅಲ್ಲಿ ಬ್ಲಾಕ್ ಎಂದರೆ ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗಿನ ದೂರ ಅಷ್ಟೇ, ಎರಡು ಬ್ಲಾಕ್ ಅಂದರೆ ಕೆಲವೇ ನಿಮಿಷದ ನಡಿಗೆ. ಅದು ಹೇಗೋ ಬಚಾವಾಯಿತು. ಕಿಟಿ ಕಾರ್ನರ್ ಹಾಗೆ ಬಿಡಲಿಲ್ಲ.

ಅದು ಜನವರಿ ತಿಂಗಳು. ನಮಗೆ ರಾತ್ರಿ ಎರಡೂವರೆ ಆದಾಗ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಂದಿನ ದಿನದ ಮಧ್ಯಾಹ್ನ ಮೂರು. ಅಲ್ಲಿಂದ ಒಬ್ಬ ಅಜ್ಜಿ ಫೋನ್ ಮಾಡಿದರು. ಅವರಿಗೆ ಬರಬೇಕಿದ್ದ ಪೊಟ್ಟಣದಲ್ಲಿ ಇದ್ದದ್ದು ಸಕ್ಕರೆ ಕಾಯಿಲೆಯವರು ರಕ್ತ ಪರೀಕ್ಷೆ ಮಾಡಿಕೊಳ್ಳುವ ಸ್ಟ್ರಿಪ್‌ಗಳು. ನಮ್ಮ ಪರದೆಯ ಮೇಲೆ ‘ಡೆಲಿವರ್ಡ್’ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ಆದರೆ ಅವರು ಹೇಳಿದ್ದು ಬೇರೆ. ಡ್ರೈವರ್ ಪೊಟ್ಟಣವನ್ನು ತಪ್ಪು ಮನೆಯ ಜಗಲಿಯ ಮೇಲೆ ಇಟ್ಟು ಹೋಗಿದ್ದಾನೆ, ನನ್ನ ಕಿಟಕಿಯಿಂದ ನನಗೆ ಕಾಣುತ್ತಿದೆ, ಆ ಮನೆಯವರು ಚಳಿಗಾಲಕ್ಕೆ ಫ್ಲಾರಿಡಾಗೆ ಹೋಗಿದ್ದಾರೆ, ಹೊರಗೆಲ್ಲ ಮಂಜುಗಡ್ಡೆ, ನನ್ನ ಮೊಣಕಾಲು ಸರಿಯಿಲ್ಲ, ಯಾರನ್ನಾದರೂ ಕಳಿಸಿ ತೆಗೆಸಿಕೊಡಿ. ಯಾವ ಮನೆ ಅಂತ ಕೇಳಿದೆ. ‘ಇಟ್ಸ್ ಕಿಟಿ ಕಾರ್ನರ್ ಫ್ರಮ್ ಮೈ ಹೌಸ್’ ಅಂದರು.

ನಿಜ ಹೇಳಬೇಕೆಂದರೆ ನನಗೆ ಕೇಳಿಸಿದ್ದು ‘ಕಿಡಿ ಕಾರ್ನರ್’. ಅಮೆರಿಕದವರು ಎರಡು ಸ್ವರದ ನಡುವಿನ ಟಕಾರವನ್ನು ಡಕಾರದ ಹತ್ತಿರಕ್ಕೆ ಎಳೆಯುತ್ತಾರೆ, ವಾಟರ್ ಹೋಗಿ ವಾಡರ್ ಆಗುತ್ತದೆ. ಅಷ್ಟು ನನಗೆ ತರಬೇತಿಯಲ್ಲಿ ಹೇಳಿದ್ದರು. ಹಾಗಾಗಿ ಕಿಡಿ ಅಲ್ಲ, ಕಿಟಿ ಎಂದು ತಿದ್ದಿಕೊಂಡು ಒಳಗೊಳಗೇ ಬೀಗಿದೆ. ಕಿಟಿ ಎಂದರೆ ಬೆಕ್ಕಿನ ಮರಿ, ಕಾರ್ನರ್ ಎಂದರೆ ಮೂಲೆ. ಅಂದಮೇಲೆ ಜಗಲಿಯಲ್ಲಿ ಬೆಕ್ಕು ಮಲಗುವ ಮೂಲೆ! ನಮ್ಮೂರಿನ ಮನೆಯಲ್ಲೂ ಬೆಕ್ಕಿಗೆ ಒಲೆಯ ಹಿಂದೆ ಒಂದು ಮೂಲೆ ಇದೆಯಲ್ಲ.

ಕೇಳಬಹುದಿತ್ತು. ಮ್ಯೂಟ್ ಒತ್ತಿ ಪಕ್ಕದವನನ್ನಾದರೂ ಕೇಳಬಹುದಿತ್ತು. ಆದರೆ ಒಂದು ಕರೆ ಆರು ನಿಮಿಷ ಮೀರಬಾರದು, ಗಡಿಯಾರ ಐದೂವರೆ ತೋರಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ‘ಹಾಗೆಂದರೇನು’ ಅಂತ ಕೇಳಿದರೆ ಈ ಹುಡುಗನಿಗೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಳ್ಳುತ್ತಾರೆ ಅನ್ನುವ ಅಳುಕು. ಆ ಅಳುಕು ಪಿಯುಸಿ ಮೊದಲ ದಿನದಿಂದ ನನ್ನ ಜೊತೆಗಿದೆ. ಅಕೌಂಟೆನ್ಸಿ ತರಗತಿಯಲ್ಲಿ ಅರ್ಥವಾಗದಿದ್ದರೂ ತಲೆಯಾಡಿಸಿ ತಲೆಯಾಡಿಸಿ ಅದೊಂದು ಅಭ್ಯಾಸವೇ ಆಗಿಬಿಟ್ಟಿತ್ತು. ಫೋನಿನಲ್ಲಿ ತಲೆಯಾಡಿಸಿದರೆ ಕಾಣುವುದಿಲ್ಲವಲ್ಲ, ಅದಕ್ಕೆ ‘ಶೂರ್ ಮ್ಯಾಮ್, ಅಬ್ಸಲ್ಯೂಟ್ಲಿ’ ಅಂದೆ. ಟಿಕೆಟ್‌ನಲ್ಲಿ ಬರೆದೆ: ಪಾರ್ಸೆಲ್ ಗ್ರಾಹಕರ ಮನೆಯ ಜಗಲಿಯಲ್ಲಿ ಬೆಕ್ಕು ಮಲಗುವ ಮೂಲೆಯಲ್ಲಿದೆ, ದಯವಿಟ್ಟು ತೆಗೆದು ಕೈಗೆ ಕೊಡುವುದು.

ಮರುದಿನ ಡ್ರೈವರ್ ಹೋದ. ಅಜ್ಜಿಯ ಮನೆಯ ಜಗಲಿಯನ್ನೆಲ್ಲ ನೋಡಿದ. ‘ಪಾರ್ಸೆಲ್ ಇಲ್ಲ, ಬೆಕ್ಕೂ ಇಲ್ಲ’ ಎಂದು ಬರೆದು ಟಿಕೆಟ್ ಮುಚ್ಚಿದ. ಅಜ್ಜಿ ಮತ್ತೆ ಎರಡು ಸಲ ಫೋನ್ ಮಾಡಿದರು. ಪ್ರತಿ ಸಲ ಬೇರೆ ಬೇರೆ ಏಜೆಂಟ್‌ಗೆ ಸಿಕ್ಕರು. ಅವರಿಬ್ಬರೂ ನನ್ನ ಟಿಪ್ಪಣಿಯನ್ನೇ ಓದಿ ‘ಬೆಕ್ಕಿನ ಮೂಲೆಯಲ್ಲಿ ಇನ್ನೊಮ್ಮೆ ನೋಡಿ ಮ್ಯಾಮ್’ ಅಂದರು! ನಾಲ್ಕನೇ ದಿನ ಅದು ದೂರಾಗಿ ಮೇಲಕ್ಕೆ ಹೋಯಿತು, ಕರೆಯ ರೆಕಾರ್ಡಿಂಗ್ ಕೆಳಕ್ಕೆ ಬಂತು.

ನಮ್ಮ ಟೀಮ್ ಲೀಡರ್ ಪುತ್ತೂರಿನವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ಮಾತ್ರ ನಾಲಿಗೆ ಬಗ್ಗದೆ ಅಕ್ಕ ಅನ್ನುತ್ತೇನೆ. ಹೆಡ್‌ಫೋನ್ ತೆಗೆದಿಟ್ಟು ನನ್ನ ಕಡೆ ತಿರುಗಿದರು.

‘ಎಂತ ಮಾರಾಯ ಇದು? ಬೆಕ್ಕು ಎಲ್ಲಿಂದ ಬಂತು?’

‘ಕಿಟಿ ಅಂದ್ರಲ್ಲ ಅಕ್ಕಾ...’

‘ಗೊತ್ತಾಗ್ಲಿಲ್ಲಾಂದ್ರೆ ಕೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?’

‘ಕೇಳಿದ್ರೆ ಇಂಗ್ಲಿಷ್ ಬರಲ್ಲ ಅಂದ್ಕೋತಾರೆ ಅಂತ.’

‘ಈಗ ಎಂತ ಅಂದ್ಕೊಂಡ್ರು?’

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವರು ಬಿಳಿ ಹಲಗೆಯ ಮೇಲೆ ಒಂದು ದೊಡ್ಡ ಕೂಡಿಸುವ ಚಿಹ್ನೆ ಬರೆದರು. ‘ಇದು ನಾಲ್ಕು ರಸ್ತೆ ಸೇರುವ ಸರ್ಕಲ್. ನಾಲ್ಕು ಮೂಲೆಯಲ್ಲಿ ನಾಲ್ಕು ಮನೆ. ಅಜ್ಜಿ ಈ ಮೂಲೆ. ಈ ಮನೆಗೆ ಹೋಗ್ಲಿಕ್ಕೆ ಒಂದು ರಸ್ತೆ ದಾಟ್ಬೇಕು. ಆ ಮನೆಗೂ ಒಂದೇ ರಸ್ತೆ. ಆದ್ರೆ ಇದಕ್ಕೆ?’ ಅಂತ ನಾಲ್ಕನೇ ಮೂಲೆಯನ್ನು ತೋರಿಸಿದರು. ಎರಡು ರಸ್ತೆ ದಾಟಬೇಕು. ಅದು ಕಿಟಿ ಕಾರ್ನರ್.

ಅಂದರೆ ನೇರ ಎದುರು ಅಲ್ಲ, ಪಕ್ಕವೂ ಅಲ್ಲ, ಓರೆಯಾಗಿ ಎದುರಿನ ಮೂಲೆ. ನಮ್ಮ ಗಣಿತ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಚೌಕದ ಕರ್ಣದ ಎರಡು ತುದಿಗಳು. ಮಂಜುಗಡ್ಡೆ ಕಟ್ಟಿದ ಎರಡು ರಸ್ತೆಗಳನ್ನು ಮೊಣಕಾಲು ನೋವಿನ ಅಜ್ಜಿ ದಾಟಲಾರರು ಎನ್ನುವುದೂ ಅದೇ ಒಂದು ಪದದಲ್ಲಿ ಇತ್ತು. ನಾನು ಅದರಲ್ಲಿ ಬೆಕ್ಕು ಹುಡುಕಿದ್ದೆ.

ಅಕ್ಕ ನನ್ನಿಂದಲೇ ಫೋನ್ ಮಾಡಿಸಿದರು. ಕ್ಷಮೆ ಕೇಳುವುದಕ್ಕೆ ನಮಗೆ ಬರೆದುಕೊಟ್ಟ ಸಾಲುಗಳಿವೆ, ಅವನ್ನು ಓದಿದೆ. ಆ ಕಡೆ ಮೌನ. ಏನು ಮಾಡಲಿ ಗೊತ್ತಾಗದೆ, ನನಗೆ ಆ ಪದ ಗೊತ್ತಿರಲಿಲ್ಲ ಮ್ಯಾಮ್, ನಿಮ್ಮ ಮನೆಯಲ್ಲಿ ಬೆಕ್ಕಿನ ಮರಿ ಇದೆ ಅಂದುಕೊಂಡೆ ಅಂತ ಹೇಳಿಬಿಟ್ಟೆ. ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ನಗು. ಕೆಮ್ಮು ಬರುವಷ್ಟು ನಗು. ತಮ್ಮ ಗಂಡ ದಕ್ಷಿಣದ ಟೆನೆಸಿಯವರಂತೆ. ಅವರು ಬದುಕಿರುವವರೆಗೂ ‘ಕ್ಯಾಟಿ ಕಾರ್ನರ್’ ಅನ್ನುತ್ತಿದ್ದರಂತೆ, ಇವರು ‘ಕಿಟಿ ಕಾರ್ನರ್’. ಬೆಕ್ಕೋ ಬೆಕ್ಕಿನ ಮರಿಯೋ ಅಂತ ನಲವತ್ತು ವರ್ಷ ಜಗಳವಾಡಿದ್ದೇವೆ, ಇಬ್ಬರಿಗೂ ಅಲ್ಲಿ ಬೆಕ್ಕು ಯಾಕಿದೆ ಅಂತ ಗೊತ್ತಿರಲಿಲ್ಲ ಅಂದರು. ಆ ದಿನ ಸಂಜೆಯೇ ಪೊಟ್ಟಣ ಅವರ ಕೈ ಸೇರಿತು. ನಡುವಿನ ನಾಲ್ಕು ದಿನ ಅವರು ಸ್ಟ್ರಿಪ್ ಇಲ್ಲದೆ ಹೇಗೆ ಕಳೆದರು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವರಿಗೂ ಗೊತ್ತಿಲ್ಲ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ರಜೆಯ ದಿನ ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯಕ್ಕೆ ಹೋಗಿ ದೊಡ್ಡ ಇಂಗ್ಲಿಷ್ ನಿಘಂಟು ತೆಗೆದೆ. ಆಮೇಲೆ ಫೋನಿನಲ್ಲೂ ಸಾಕಷ್ಟು ಓದಿದೆ. ಪಿ.ಜಿ.ಯ ಗೆಳೆಯರು ಇವನಿಗೆ ಬೆಕ್ಕಿನ ಹುಚ್ಚು ಹಿಡಿದಿದೆ ಅಂದರು. ಅನ್ನಲಿ.

ವಿಷಯ ಏನೆಂದರೆ, ಆ ಪದದಲ್ಲಿ ಬೆಕ್ಕು ಯಾವತ್ತೂ ಇರಲೇ ಇಲ್ಲ. ಅದರ ಹಳೆಯ ರೂಪ ‘ಕೇಟರ್ ಕಾರ್ನರ್’. ಹಳೆಯ ಇಂಗ್ಲಿಷಿನಲ್ಲಿ ದಾಳದ ಮೇಲಿನ ಅಂಕಿಗಳಿಗೆ ಫ್ರೆಂಚಿನಿಂದ ಬಂದ ಹೆಸರುಗಳಿದ್ದವು. ಒಂದಕ್ಕೆ ಏಸ್, ಎರಡಕ್ಕೆ ಡ್ಯೂಸ್, ಮೂರಕ್ಕೆ ಟ್ರೇ, ನಾಲ್ಕಕ್ಕೆ ಕೇಟರ್. ಫ್ರೆಂಚಿನಲ್ಲಿ ನಾಲ್ಕಕ್ಕೆ ಕಾತ್ರ್ ಅನ್ನುತ್ತಾರಲ್ಲ, ಅದೇ. ಏಸ್ ಇಸ್ಪೀಟಿನಲ್ಲಿ ಉಳಿಯಿತು, ಡ್ಯೂಸ್ ಟೆನಿಸ್‌ನಲ್ಲಿ ಉಳಿಯಿತು, ಕೇಟರ್ ಮಾತ್ರ ಮರೆತುಹೋಯಿತು.

ಒಂದು ದಾಳ ಕೈಯಲ್ಲಿ ಹಿಡಿದು ನಾಲ್ಕರ ಮುಖ ನೋಡಿ. ನಾಲ್ಕು ಚುಕ್ಕೆ ನಾಲ್ಕು ಮೂಲೆಯಲ್ಲಿವೆ. ಎದುರುಬದುರಿನ ಚುಕ್ಕೆಗಳನ್ನು ಗೆರೆಯಿಂದ ಸೇರಿಸಿದರೆ ಗುಣಿಸುವ ಚಿಹ್ನೆ ಬರುತ್ತದೆ. ಹಾಗೆ ‘ಕೇಟರ್’ ಎಂಬುದು ಓರೆಯಾಗಿ ಇಡುವುದು, ಓರೆಯಾಗಿ ದಾಟುವುದು ಎಂಬ ಕ್ರಿಯಾಪದವೂ ಆಯಿತು. 16ನೇ ಶತಮಾನದ ಒಂದು ಇಂಗ್ಲಿಷ್ ಬೇಸಾಯದ ಪುಸ್ತಕದಲ್ಲಿ ಮರಗಳನ್ನು ಚದುರಂಗದ ಮನೆಗಳ ಹಾಗೆ ನೆಡುವುದನ್ನು ಹೇಳುವಾಗ ಈ ಮಾತು ಬಂದಿದೆ. ಯಾವ ದಿಕ್ಕಿನಿಂದ ನೋಡಿದರೂ ಸಾಲು ನೇರ ಕಾಣಬೇಕು ಎಂಬುದು ಅದರ ಉದ್ದೇಶ.

ಇದನ್ನು ಓದಿದಾಗ ನನಗೆ ಥಟ್ಟನೆ ನಮ್ಮ ತೋಟ ಕಣ್ಣ ಮುಂದೆ ಬಂತು. ನಮ್ಮ ಕಡೆ ಮರದಿಂದ ಮರಕ್ಕೆ ಮೂವತ್ತು ಅಡಿ ಬಿಟ್ಟು ಚೌಕಾಕಾರವಾಗಿ ತೆಂಗಿನ ಸಸಿ ನೆಡುತ್ತಾರೆ. ಬದುವಿನ ಮೇಲೆ ನಿಂತು ನೇರ ನೋಡಿದರೂ ಸಾಲು, ಅಡ್ಡ ನೋಡಿದರೂ ಸಾಲು, ಮೂಲೆಯಿಂದ ಓರೆಯಾಗಿ ನೋಡಿದರೂ ಸಾಲು. ಓರೆ ಸಾಲಿನಲ್ಲಿ ಒಂದು ಮರ ಆಚೀಚೆಯಾದರೂ ಅಪ್ಪನ ಕಣ್ಣಿಗೆ ಬೀಳುತ್ತದೆ. ಚಿಕ್ಕವನಿದ್ದಾಗ ಗುಂಡಿ ತೆಗೆಯುವ ಮೊದಲು ನಾನು ಹಗ್ಗದ ಒಂದು ತುದಿ ಹಿಡಿದು ಮೂಲೆಯಿಂದ ಮೂಲೆಗೆ ಓಡುತ್ತಿದ್ದೆ. ಎರಡೂ ಓರೆ ಅಳತೆ ಒಂದೇ ಬಂದರೆ ಚೌಕ ಸರಿಯಿದೆ ಎಂದು ಲೆಕ್ಕ. ಸುಮಾರು ನಲವತ್ತೆರಡೂವರೆ ಅಡಿ ಬರುತ್ತಿತ್ತು. ಪೈಥಾಗೊರಸ್ ಪ್ರಮೇಯವನ್ನು ಬಾಯಿಪಾಠ ಮಾಡುವ ಮೊದಲೇ ನಾನು ಅದರ ಮೇಲೆ ಓಡಾಡಿದ್ದೆ ಅಂತ ಈಗ ಹೇಳಿಕೊಳ್ಳಬಹುದು.

ಕೇಟರ್ ಎಂದರೆ ನಾಲ್ಕು ಎಂಬುದು ಮರೆತ ಮೇಲೆ ಜನರ ಕಿವಿಗೆ ಅದು ಏನೋ ಬೆಕ್ಕಿನ ಹಾಗೆ ಕೇಳಿಸಿತು. ಕೇಟರ್ ಹೋಗಿ ಕ್ಯಾಟರ್, ಕ್ಯಾಟರ್ ಹೋಗಿ ಕ್ಯಾಟಿ, ದೊಡ್ಡ ಬೆಕ್ಕು ಬಂದಮೇಲೆ ಮರಿ ಬರದೆ ಇರುತ್ತದೆಯೇ, ಕಿಟಿ. ಟಕಾರ ಡಕಾರವಾದ ಕಡೆ ಕೆಲವರು ‘ಕ್ಯಾಡಿ ಕಾರ್ನರ್’ ಅಂತಲೂ ಅನ್ನುತ್ತಾರೆ, ಹಾಗೇ ಬರೆಯುತ್ತಾರೆ ಕೂಡ. ತಮಾಷೆಯೆಂದರೆ ‘ಕ್ಯಾಟರ್‌ಪಿಲ್ಲರ್’ ಎಂಬ ಪದದಲ್ಲಿ ಬೆಕ್ಕು ಇದೆ. ಹಳೆಯ ಫ್ರೆಂಚಿನಲ್ಲಿ ಕಂಬಳಿಹುಳಕ್ಕೆ ‘ಕೂದಲಿನ ಬೆಕ್ಕು’ ಎಂಬರ್ಥದ ಹೆಸರಿತ್ತು, ಅಲ್ಲಿಂದ ಅದು ಬಂತು ಎನ್ನುತ್ತಾರೆ. ಬೆಕ್ಕಿರುವ ಕಡೆ ಯಾರಿಗೂ ಕಾಣುವುದಿಲ್ಲ, ಇಲ್ಲದ ಕಡೆ ಎಲ್ಲರಿಗೂ ಕಾಣುತ್ತದೆ!

ಪದದ ಮೂಲ ಮರೆತಾಗ ಜನ ಸುಮ್ಮನಿರುವುದಿಲ್ಲ, ತಮಗೆ ಗೊತ್ತಿರುವ ಇನ್ನೊಂದು ಪದವನ್ನು ಅದರೊಳಗೆ ಕಾಣುತ್ತಾರೆ. ನಮ್ಮ ಬೆಂಗಳೂರಿಗೂ ಹೀಗೇ ಆಗಿದೆ. ದಾರಿ ತಪ್ಪಿ ಬಂದ ವೀರಬಲ್ಲಾಳ ರಾಜನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೆ ಬೆಂದಕಾಳೂರು ಎಂಬ ಕಥೆ ನಮಗೆಲ್ಲ ಗೊತ್ತು. ಬಲ್ಲಾಳನ ಕಾಲ 12ನೇ ಶತಮಾನದ ಕೊನೆ. ಆದರೆ ಬೇಗೂರಿನಲ್ಲಿರುವ ಕ್ರಿ.ಶ. 890ರ ಸುಮಾರಿನ ವೀರಗಲ್ಲಿನ ಶಾಸನದಲ್ಲೇ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಕಾಳು ಬೇಯುವ ಮುಂಚೆಯೇ ಊರಿಗೆ ಹೆಸರಿತ್ತು. ಹಾಗಂತ ಕಥೆ ಹೇಳುವುದನ್ನು ಯಾರೂ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ನಾನು ಜಗಲಿಯಲ್ಲಿ ಬೆಕ್ಕು ಕಂಡದ್ದೂ ಅದೇ ಜಾತಿಯ ತಪ್ಪು. ಅಮೆರಿಕದವರು ಇದೇ ತಪ್ಪನ್ನು ನನಗಿಂತ ಬಹಳ ಹಿಂದೆಯೇ ಮಾಡಿದ್ದರು. ಅವರ ತಪ್ಪು ನಿಘಂಟು ಸೇರಿತು, ನನ್ನ ತಪ್ಪು ಕ್ವಾಲಿಟಿ ರಿಪೋರ್ಟ್ ಸೇರಿತು.

ಇನ್ನೂ ಒಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ಫ್ರೆಂಚಿನ ಕಾತ್ರ್, ಅದರ ತಾಯಿಯಾದ ಲ್ಯಾಟಿನ್ನಿನ ನಾಲ್ಕು, ಸಂಸ್ಕೃತದ ಚತುರ್ ಇವೆಲ್ಲ ಒಂದೇ ಬೇರಿನವು. ಕನ್ನಡಕ್ಕೆ ಬಂದ ಚೌಕ, ಚದುರಂಗ, ಚತುಷ್ಕೋನ ಇವುಗಳಲ್ಲಿರುವ ‘ನಾಲ್ಕು’ ಮತ್ತು ಕಿಟಿ ಕಾರ್ನರ್‌ನ ‘ಕಿಟಿ’ ದೂರದ ದಾಯಾದಿಗಳು. ನಮ್ಮಜ್ಜಿ ಜಗಲಿಯ ಮೇಲೆ ಚೌಕಾಬಾರ ಆಡುವಾಗ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ‘ಚೌಕ!’ ಅಂತ ಕೂಗುತ್ತಿದ್ದರು. ಹಿಂದೆ ಯಾವನೋ ಇಂಗ್ಲಿಷಿನವನು ದಾಳ ಎಸೆದು ‘ಕೇಟರ್!’ ಅಂದಿರುತ್ತಾನೆ. ಕೂಗು ಒಂದೇ. ಚೌಕಾಬಾರದ ಮಣೆಯ ಮೇಲೂ ನಡುವೆ, ಬದಿಯಲ್ಲಿ ಓರೆಗೆರೆ ಎಳೆದ ಕಟ್ಟೆಮನೆಗಳಿರುತ್ತವೆ, ನೋಡಿರುತ್ತೀರಿ.

ಈ ಪದ ಯಾಕೆ ಅಮೆರಿಕದಲ್ಲೇ ಇಷ್ಟು ಬೆಳೆಯಿತು ಅಂತ ಯೋಚಿಸಿದೆ. ಇದು ನನ್ನ ಊಹೆ ಅಷ್ಟೇ. ಅಲ್ಲಿನ ಎಷ್ಟೋ ಊರುಗಳು ಹಾಳೆಯ ಮೇಲೆ ಚೌಕುಳಿ ಗೆರೆ ಎಳೆದು ಕಟ್ಟಿದವು. ಫಿಲಡೆಲ್ಫಿಯಾದ ನಕ್ಷೆ 1682ರದ್ದು, ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ಚೌಕುಳಿ ಯೋಜನೆ ಬಂದದ್ದು 1811ರಲ್ಲಿ. ಎಲ್ಲಿ ನಿಂತರೂ ಎರಡು ರಸ್ತೆ ಕೂಡುವ ಜಾಗ, ನಾಲ್ಕು ಮೂಲೆ. ಮೂರನ್ನು ಹೇಳಲು ಪದವಿದೆ, ನಾಲ್ಕನೆಯದಕ್ಕೂ ಒಂದು ಬೇಕಲ್ಲ. ಮಲ್ಲೇಶ್ವರ, ಜಯನಗರದಲ್ಲಿ ಮೇನ್ ಮತ್ತು ಕ್ರಾಸ್‌ಗಳ ನಡುವೆ ನಿಂತಾಗ ನಮಗೂ ಬೇಕಾಗುತ್ತದೆ. ನಾವು ಕೈ ಎತ್ತಿ ತೋರಿಸಿ ‘ಅಗೋ, ಕ್ರಾಸಾಗಿ ಎದುರುಗಡೆ’ ಅಂದುಬಿಡುತ್ತೇವೆ. ಫೋನಿನಲ್ಲಿ ಕೈ ತೋರಿಸಲಾಗುವುದಿಲ್ಲ ಎಂಬುದೇ ನನ್ನ ಕೆಲಸದ ಕಷ್ಟ.

ಅಮೆರಿಕದೊಳಗೂ ಎಲ್ಲರೂ ಒಂದೇ ರೀತಿ ಹೇಳುವುದಿಲ್ಲ. ಸ್ಥೂಲವಾಗಿ ಉತ್ತರ ಮತ್ತು ಪಶ್ಚಿಮದವರು ಕಿಟಿ, ದಕ್ಷಿಣದವರು ಕ್ಯಾಟಿ. ಅಜ್ಜಿ ಮತ್ತು ಅವರ ಗಂಡನ ಜಗಳ ನಕ್ಷೆಗೆ ಸರಿಯಾಗಿಯೇ ಇದೆ. ಬ್ರಿಟನ್ನಿನಲ್ಲಿ ಇವೆರಡೂ ಬಳಕೆಯಲ್ಲಿಲ್ಲ. ‘ದ ನ್ಯೂಯಾರ್ಕ್ ಟೈಮ್ಸ್’ 2013ರ ಡಿಸೆಂಬರಿನಲ್ಲಿ, ನೀವು ಯಾವ ಕಡೆಯವರು ಎಂದು ನಿಮ್ಮ ಮಾತಿನಿಂದಲೇ ಹೇಳುವ ರಸಪ್ರಶ್ನೆಯೊಂದನ್ನು ಪ್ರಕಟಿಸಿತು. ಅದರಲ್ಲಿ ಈ ಓರೆ ಮೂಲೆಗೆ ಏನನ್ನುತ್ತೀರಿ ಎಂಬ ಪ್ರಶ್ನೆಯೂ ಇತ್ತು. ಆ ವರ್ಷ ಪತ್ರಿಕೆಯ ಜಾಲತಾಣದಲ್ಲಿ ಅತಿ ಹೆಚ್ಚು ಜನ ನೋಡಿದ್ದು ಯಾವ ದೊಡ್ಡ ಸುದ್ದಿಯನ್ನೂ ಅಲ್ಲ, ಇದನ್ನು.

ಅದಕ್ಕೂ ಹಿಂದಿನ ಕಥೆ ನನ್ನ ವಯಸ್ಸಿನವರಿಗೆ ಹಿಡಿಸಬಹುದು. ಅಮೆರಿಕದ ಪ್ರಾದೇಶಿಕ ಪದಗಳ ನಿಘಂಟು ಒಂದಿದೆ. ಅದನ್ನು ಮಾಡಿದ್ದು ಅಜ್ಜಿಯ ರಾಜ್ಯದಲ್ಲೇ ಇರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, ಮ್ಯಾಡಿಸನ್‌ನಲ್ಲಿ. 1965ರಿಂದ 1970ರವರೆಗೆ ಕ್ಷೇತ್ರಕಾರ್ಯಕರ್ತರು, ಅವರಲ್ಲಿ ಬಹಳ ಮಂದಿ ವಿದ್ಯಾರ್ಥಿಗಳು, ‘ವರ್ಡ್ ವ್ಯಾಗನ್’ ಎಂಬ ಹೆಸರಿನ ವ್ಯಾನ್‌ಗಳಲ್ಲಿ 1,002 ಊರುಗಳಿಗೆ ಹೋದರು. ಕೈಯಲ್ಲಿ 1,600ಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ. ಇದಕ್ಕೆ ನೀವು ಏನನ್ನುತ್ತೀರಿ, ಅದಕ್ಕೆ ಏನನ್ನುತ್ತೀರಿ ಅಂತ ಕೇಳುತ್ತಾ ಹೋಗುವುದೇ ಅವರ ಕೆಲಸ. ಮೊದಲ ಸಂಪುಟ 1985ರಲ್ಲಿ ಬಂತು, ಪದಗಳ ಕೊನೆಯ ಸಂಪುಟ 2012ರಲ್ಲಿ. ಮುಖ್ಯ ಸಂಪಾದಕ ಫ್ರೆಡರಿಕ್ ಕ್ಯಾಸಿಡಿ ಜಮೈಕಾದಲ್ಲಿ ಹುಟ್ಟಿದವರು. ಕೆಲಸ ಮುಗಿಯುವ ಮುನ್ನವೇ, 2000ದಲ್ಲಿ ತೀರಿಕೊಂಡರು. ಅವರ ಸಮಾಧಿ ಕಲ್ಲಿನ ಮೇಲೆ ‘ಝಡ್‌ವರೆಗೆ ನಡೆಯಿರಿ’ ಎಂಬರ್ಥದ ಮಾತು ಕೆತ್ತಿದ್ದಾರೆ. ತಮ್ಮ ದೇಶದ ಭಾಷೆ ತಮಗೇ ಗೊತ್ತಿಲ್ಲ ಎಂದು ಒಪ್ಪಿಕೊಂಡು ಊರೂರು ತಿರುಗಿ ಕೇಳಿದವರು ಇವರು. ಆರು ನಿಮಿಷ ಮೀರುತ್ತದೆ ಅಂತ ನಾನು ಒಂದು ಪ್ರಶ್ನೆ ಕೇಳಲಿಲ್ಲ.

ಕೆಲಸ ಹುಡುಕುತ್ತಿರುವವರಿಗಾಗಿ ಬಳಕೆಯ ಮಾತು ಒಂದಿಷ್ಟು ಹೇಳಿಬಿಡುತ್ತೇನೆ. ಇದು ಆಡುಮಾತಿನ ಪದ. ‘ದ ಬ್ಯಾಂಕ್ ಈಸ್ ಕಿಟಿ ಕಾರ್ನರ್ ಫ್ರಮ್ ದ ಸ್ಕೂಲ್’ ಎನ್ನುತ್ತಾರೆ, ‘ಫ್ರಮ್’ ಬದಲು ‘ಟು’ ಕೂಡ ಬಳಸುತ್ತಾರೆ. ರಸ್ತೆ ಮಾತ್ರವಲ್ಲ, ಕೋಣೆಯಲ್ಲಿ ಮೇಜನ್ನು ಓರೆಯಾಗಿ ಇಟ್ಟರೂ ಕ್ಯಾಟಿ ಕಾರ್ನರ್ಡ್ ಅನ್ನಬಹುದು. ಆದರೆ ವರದಿ, ಇಮೇಲ್, ಅರ್ಜಿಗಳಲ್ಲಿ ಬರೆಯಬೇಡಿ, ಅಲ್ಲಿಗೆ ‘ಡಯಾಗನಲಿ ಆಪೋಸಿಟ್’ ಸಾಕು. ‘ಕ್ಯಾಟಿವಾಂಪಸ್’ ಅಂತ ಇನ್ನೊಂದಿದೆ. ಅದು ಸಾಮಾನ್ಯವಾಗಿ ಸೊಟ್ಟ, ಅಸ್ತವ್ಯಸ್ತ ಎಂಬ ಅರ್ಥದ್ದು. ಕೆಲವು ಕಡೆ ಓರೆ ಮೂಲೆಗೂ ಅದನ್ನೇ ಹೇಳುತ್ತಾರಂತೆ. ಅದು ಬಂದರೆ ಊಹಿಸಬೇಡಿ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇದೆಯಾ ಅಂತ ಅಮ್ಮನನ್ನು ಕೇಳಿದೆ. ‘ಮೂಲೆ ಎದುರು ಅಂತೀವಪ್ಪ’ ಅಂದರು. ಅಪ್ಪ ‘ಓರೆಗೆ’ ಅಂದರು. ಅಕ್ಕನ ಮನೆ ಗೃಹಪ್ರವೇಶಕ್ಕೆ ಬಂದಿದ್ದ ಮೇಸ್ತ್ರಿ ಮೂಲೆಮಟ್ಟದ ವಿಷಯ ತೆಗೆದು ಅರ್ಧ ಗಂಟೆ ಮಾತಾಡಿದರು, ನನ್ನ ಪ್ರಶ್ನೆ ಅಲ್ಲೇ ಉಳಿಯಿತು. ಆದರೆ ಒಂದು ವಿಷಯದಲ್ಲಿ ನಾವು ಇಂಗ್ಲಿಷಿಗಿಂತ ಮುಂದೆ. ಅವರು ನಾರ್ತ್ ಈಸ್ಟ್, ಸೌತ್ ವೆಸ್ಟ್ ಅಂತ ಎರಡೆರಡು ದಿಕ್ಕು ಜೋಡಿಸಬೇಕು. ನಮಗೆ ನಾಲ್ಕು ಓರೆ ದಿಕ್ಕಿಗೂ ಸ್ವಂತ ಹೆಸರಿದೆ: ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ. ನಮ್ಮ ತಾತ ಅದನ್ನೂ ಹೇಳುತ್ತಿರಲಿಲ್ಲ. ಸಂಜೆ ಅಂಗಳದಲ್ಲಿ ನಿಂತು ‘ದೇವಮೂಲೇಲಿ ಮಿಂಚ್ತಾ ಐತೆ, ಕೊಬ್ಬರಿ ಒಳಗ್ ಹಾಕ್ರೋ’ ಅನ್ನುತ್ತಿದ್ದರು. ಈಶಾನ್ಯಕ್ಕೆ ಅವರ ಹೆಸರು ಅದು. ಊರಿಗೆ ಹೊಸದಾಗಿ ಬಂದ ಕೃಷಿ ಅಧಿಕಾರಿಯೊಬ್ಬರು ದೇವಮೂಲೆ ಅಂದರೆ ದೇವರಮನೆಯ ಮೂಲೆ ಅಂದುಕೊಂಡಿದ್ದರು ಅಂತ ತಾತ ನಗುತ್ತಿದ್ದುದು ನನಗೆ ಈಗ ಬೇರೆ ಥರ ನೆನಪಾಗುತ್ತದೆ.

ನನ್ನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು, ಆ ತ್ರೈಮಾಸಿಕದ ಇನ್ಸೆಂಟಿವ್ ಹೋಯಿತು. ಸೊಸೈಟಿ ಕಂತಿಗೆ ಅಪ್ಪ ಕೊಬ್ಬರಿಯನ್ನು ಬೆಲೆ ಬರುವ ಮುಂಚೆಯೇ ತಿಪಟೂರು ಮಾರುಕಟ್ಟೆಗೆ ಹಾಕಬೇಕಾಯಿತು. ಯಾಕೆ ಸಂಬಳ ಕಡಿಮೆ ಬಂತು ಅಂತ ಕೇಳಿದಾಗ ನಾನು ಮೊದಲು ಸುಳ್ಳು ಹೇಳಿದೆ, ವಾರದ ಮೇಲೆ ಬೆಕ್ಕಿನ ಕಥೆ ಹೇಳಿದೆ. ಅಪ್ಪ ನಗಲಿಲ್ಲ. ‘ಆಯಮ್ಮಂಗೆ ಔಷ್ದಿ ಸಿಕ್ತಾ?’ ಅಂತ ಮಾತ್ರ ಕೇಳಿದರು.

ಕೊನೆಗೂ ಕೆಲಸ ಖಾಯಂ ಆಯಿತು. ಈಗ ಗೊತ್ತಾಗದ ಪದ ಬಂದರೆ ನಾನು ಮೊದಲು ನನ್ನ ಮಾತಿನಲ್ಲಿ ಹೇಳಿ ನೋಡುತ್ತೇನೆ: ಅಂದರೆ ಎರಡು ರಸ್ತೆ ದಾಟಿದ ಮೇಲೆ ಸಿಗುವ ಮನೆ, ಸರೀನಾ ಮ್ಯಾಮ್? ಹೊಳೆಯದಿದ್ದರೆ ಆ ಪದ ನನಗೆ ಹೊಸದು, ಸ್ವಲ್ಪ ವಿವರಿಸಿ ಅನ್ನುತ್ತೇನೆ. ಇದುವರೆಗೆ ಯಾರೂ ಬೈದಿಲ್ಲ. ಒಬ್ಬರು ಮಾತ್ರ, ನಮ್ಮ ಮನೆ ಪದ ನಿಮಗೆ ಹೇಗೆ ಗೊತ್ತಿರಬೇಕು ಬಿಡಿ ಅಂತ ತಮ್ಮೂರಿನ ನಾಲ್ಕು ಪದ ಜಾಸ್ತಿಯೇ ಹೇಳಿಕೊಟ್ಟು ಕರೆಯನ್ನು ಹನ್ನೊಂದು ನಿಮಿಷಕ್ಕೆ ಎಳೆದರು.

ಹೋದ ವಾರ ಹೊಸ ಬ್ಯಾಚ್ ಬಂತು. ನನ್ನ ಪಕ್ಕದ ಕುರ್ಚಿಗೆ ಬಂದ ಹುಡುಗಿ ಹಾವೇರಿ ಕಡೆಯವಳು. ಎರಡನೇ ದಿನವೇ ಕರೆಯ ನಡುವೆ ಮ್ಯೂಟ್ ಒತ್ತಿ, ಕಣ್ಣು ಅಗಲಿಸಿ ನನ್ನ ಕಡೆ ತಿರುಗಿದಳು.

‘ಅಣ್ಣಾರ, ಅವ್ರು ಏನೋ ಆ್ಯಂಟಿಗಾಗ್ಲಿನ್ ಅಂತ ಅನ್ನಾಕತ್ತಾರ್ರೀ. ಹಂಗಂದ್ರ ಏನ್ರೀ?’

ನಾನು ಆ ಪದವನ್ನು ಯಾವತ್ತೂ ಕೇಳಿರಲಿಲ್ಲ. ‘ನನಗೂ ಗೊತ್ತಿಲ್ಲಮ್ಮ. ಅವರು ಲೈನ್‌ನಲ್ಲೇ ಇದ್ದಾರಲ್ಲ, ಅವರನ್ನೇ ಕೇಳು’ ಅಂದೆ. ಅವಳು ಮ್ಯೂಟ್ ತೆಗೆದಳು.